ಏಳು ನೋಟ್‌ಬುಕ್ಕುಗಳ ಮೇಲಿನ ಹೆಸರು

ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆ. ಅರ್ಧ ಬೋಗುಣಿ ಆಗಿತ್ತು. ಫ್ರೀಜರಿನಲ್ಲಿಟ್ಟು ಮಾರುವ ಕಾಳು, ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ, ಹೆಬ್ಬೆರಳು ನೋಯುತ್ತದೆ. ಮಗಳು ಪ್ರಾರ್ಥನಾ ಆಫೀಸಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

“ಅಮ್ಮಾ, ಕೈ ತೊಳ್ಕೊ. ಗುಡ್ ನ್ಯೂಸ್ ಇದೆ.”

“ಹೇಳು. ಕೇಳಿಸ್ಕೊಳ್ಳೋಕೂ ಕೈ ತೊಳೀಬೇಕಾ?”

“ಶ್ರೀನಿಧಿ ಫೋನ್ ಮಾಡಿದ್ರು. ಈ ತಿಂಗಳ ಟಾಕ್ ಅಪ್ಪನ ನೋಟ್‌ಬುಕ್ಸ್ ಮೇಲೇನೇ. ಏಳನ್ನೂ ಸೆಂಟರ್‌ನವರು ಇಟ್ಕೋತಾರಂತೆ, ಪರ್ಮನೆಂಟಾಗಿ. ಇಂಗ್ಲಿಷಿಗೆ, ಅರಬ್ಬಿಗೆ ಮಾಡಿಸ್ತಾರಂತೆ. ಅಪ್ಪನ ಹೆಸರಲ್ಲಿ, ಗೊತ್ತಾ!”

ಅವಳ ಕಣ್ಣಲ್ಲಿ ನೀರಿತ್ತು. ಅಪ್ಪ ತೀರಿಕೊಂಡು ಮೂರು ವರ್ಷವಾದರೂ ಅವರ ಮಾತು ಬಂದರೆ ಅವಳಿಗೆ ಹಾಗೇ. ನಾನು ಕೈ ತೊಳೆಯಲಿಲ್ಲ. ಮತ್ತೊಂದು ಕಾಳು ಹಿತುಕಿದೆ, ಅದು ಚಿಮ್ಮಿ ಒಲೆಯ ಹಿಂದೆ ಬಿತ್ತು.

“ಯಾಕಮ್ಮ, ಖುಷಿ ಆಗ್ಲಿಲ್ವಾ?”

“ಆಯ್ತು” ಎಂದೆ.

ಶ್ರೀನಿಧಿ ಅಬುಧಾಬಿಯ ಕನ್ನಡ ಬಳಗದ ಕಾರ್ಯದರ್ಶಿ, ಕಂಪ್ಯೂಟರ್ ಕೆಲಸದ ಹುಡುಗ. ಎರಡು ವರ್ಷದಿಂದ ಒಂದು ಸಾಂಸ್ಕೃತಿಕ ಕೇಂದ್ರದ ಸಭಾಂಗಣದಲ್ಲಿ ತಿಂಗಳಿಗೊಂದು ಉಪನ್ಯಾಸ ನಡೆಸುತ್ತಾನೆ. ಈ ಮರಳುನಾಡಿನ ಚರಿತ್ರೆ, ಮುತ್ತು ತೆಗೆಯುವವರ ಬದುಕು, ಖರ್ಜೂರದ ತೋಟಕ್ಕೆ ನೆಲದಡಿಯಲ್ಲಿ ನೀರು ತಂದ ಬಗೆ, ಇಂಥವು. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಮನೆಯಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಒಂದನ್ನೂ ತಪ್ಪಿಸಿದವಳಲ್ಲ ನಾನು. ಹೊರಗೆ ಬೆಂಕಿ, ಒಳಗೆ ಸ್ವೆಟರ್ ಬೇಕು. ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ತಡವಾಗಿ ಅಕ್ಷರ ಕಲಿತವರಿಗೆ ಬರೆಯದೆ ಇರಲಾಗುವುದಿಲ್ಲ. ಎರಡು ತಿಂಗಳ ಹಿಂದೆ ಪ್ರಾರ್ಥನಾ ಟ್ರಂಕಿನಿಂದ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ಶ್ರೀನಿಧಿಗೆ ತೋರಿಸಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವು ಶ್ರೀಕಂಠಯ್ಯನವರವಲ್ಲ.

ಆ ಹೆಸರನ್ನು ಈಗ ಬರೆದಷ್ಟು ಸಲೀಸಾಗಿ ನಾನು ಬಾಯಲ್ಲಿ ಹೇಳಿದವಳಲ್ಲ. ಗಂಡನ ಹೆಸರು ಹೇಳಬಾರದೆಂದು ಬೆಳೆದೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದೆ. ಮದುವೆಯಾದ ವರ್ಷವೇ ಅವರು ದುಬೈಗೆ ಬಂದರು, ನಾನು ಮಂಡ್ಯದಲ್ಲಿ ಅತ್ತೆಯ ಜೊತೆ ಉಳಿದೆ. ಅವರ ಕಾಗದ ಬಂದರೆ ಓದಿಸಿಕೊಳ್ಳಲು ಬೇರೆಯವರ ಮನೆ ಬಾಗಿಲಿಗೆ ಹೋಗಬೇಕಿತ್ತು. ಆ ನಾಚಿಕೆಗೆ ರಾತ್ರಿ ಶಾಲೆ ಸೇರಿದೆ. ಮೇಷ್ಟ್ರು ಮೊದಲು ನಿಮ್ಮ ನಿಮ್ಮ ಹೆಸರು ಬರೆಯಿರಿ ಎಂದರೆ ನಾನು ಅವರದನ್ನು ಬರೆದೆ. ಬಾಯಿಗೆ ಕೂಡದ್ದು ಕೈಗೆ ಬಂದಿತ್ತು. ಆಮೇಲೆ ಸಿಕ್ಕಿದ್ದರ ಮೇಲೆಲ್ಲ ಬರೆದೆ, ಅಕ್ಕಿ ಡಬ್ಬ, ಕೊಡೆ, ಟ್ರಂಕು. ದುಬೈಗೆ ಬಂದ ಮೇಲೆ ಅಭ್ಯಾಸ ಬಿಡಬೇಡ ಎಂದು ಅವರು ತಂದುಕೊಟ್ಟ ನೋಟ್‌ಬುಕ್ಕುಗಳ ಮೇಲೂ, ಒಳಗೆ ಒಂದಕ್ಷರ ಬರೆಯುವ ಮೊದಲೇ, ಅದನ್ನೇ ಬರೆದಿಟ್ಟೆ. ಆಗ ಅದು ಬರೀ ಸಂತೋಷ.

ಒಳಗಿನದೆಲ್ಲ ಝಿಯಾಉದ್ದೀನ್ ಹೇಳಿದ್ದು.

ಝಿಯಾ ಭಟ್ಕಳದವನು, ಮನೆಮಾತು ನವಾಯತಿ. ದುಬೈಯ ದೇರಾದಲ್ಲಿ, ಊರೊಳಗೆ ಕಡಲು ಚಾಚಿದ ಖಾಡಿಯ ದಂಡೆಯಲ್ಲಿ ಲಾಂಚುಗಳಿಂದ ಇಳಿಯುವ ಮೂಟೆ ಎಣಿಸುವ ಕೆಲಸ. ನಮ್ಮವರು ಅವನಿದ್ದ ಹಡಗು ಏಜೆನ್ಸಿಯಲ್ಲೇ ಗುಮಾಸ್ತರು. ಆಗ ಶುಕ್ರವಾರ ರಜೆ. ಜುಮ್ಮಾ ನಮಾಜು ಮುಗಿಸಿ ಬರ್ ದುಬೈಯ ನಮ್ಮ ಒಂದು ಕೋಣೆಯ ಮನೆಗೆ ಊಟಕ್ಕೆ ಬರುತ್ತಿದ್ದ.

“ಬಾಭಿ, ಈ ಸಾರಿಗೆ ಒಂದು ಬಂಗುಡೆಯ ನೆರಳಾದ್ರೂ ಬೀಳಿಸಿ ಮಾರಾಯ್ರೆ.”

“ನೆರಳಿಗೂ ಮುಳ್ಳಿರ್ತದೆ ಕಣಯ್ಯ, ಸುಮ್ನೆ ತಿನ್ನು” ಎನ್ನುತ್ತಿದ್ದರು ನಮ್ಮವರು.

ಊಟವಾದ ಮೇಲೆ ಅವನು ಗೋಡೆಗೆ ಒರಗಿ ಹೇಳುತ್ತಿದ್ದ. ಮೂಟೆಗಳ ನೆರಳಿನಲ್ಲಿ ಕೂರುವ ಮುದಿ ನಾವಿಕರಿಂದ, ಮುಳುಗಿ ಮುತ್ತು ತೆಗೆದು ಕಿವಿ ಕಳೆದುಕೊಂಡವರಿಂದ ಆ ವಾರ ಕೇಳಿದ್ದನ್ನೆಲ್ಲ ಹೇಳುವನು. ಅರಬ್ಬಿ ಅವನಿಗೆ ನೀರಿನ ಹಾಗೆ ಬರುತ್ತಿತ್ತು. ನಾನು ಬರೆಯುವುದು, ಅಕ್ಷರ ತಿರುಗಲಿ ಎಂದು. “ಮೊದಲು ಹೆಸರು ಹಾಕಿ ಬಾಭಿ. ಯಾರು ಹೇಳಿದ್ದು, ಯಾವ ಊರು, ಯಾವ ಲಾಂಚು. ಮಾರ್ಕ್ ಇಲ್ಲದ ಮೂಟೆ ನಾನು ಇಳಿಸಿಕೊಳ್ಳೋದೇ ಇಲ್ಲ” ಎನ್ನುತ್ತಿದ್ದ. ಹೆಸರು ಮರೆತಿದ್ದರೆ ಆ ಕಥೆಯನ್ನು ಬರೆಸುತ್ತಿರಲಿಲ್ಲ. ಮುಂದಿನ ಶುಕ್ರವಾರ ಕೇಳಿಕೊಂಡು ಬಂದ ಮೇಲೇ ಬರೆಸುವುದು.

ಆ ಕಾಲದಲ್ಲೂ ಕನ್ನಡದವರು ತಿಂಗಳಿಗೊಮ್ಮೆ ಒಂದು ಹಾಲಿನಲ್ಲಿ ಸೇರುತ್ತಿದ್ದರು. ಒಮ್ಮೆ ಝಿಯಾ ಎದ್ದು ಮಾತಾಡಿದ. ನವಾಯತಿ, ಹಿಂದಿ, ಭಟ್ಕಳದ ಕನ್ನಡ ಎಲ್ಲ ಕಲೆತ ಅವನ ಮಾತಿಗೆ ಜನ ನಕ್ಕರು. ಅವನೂ ನಕ್ಕು ಕೂತುಬಿಟ್ಟ. “ನೀವೇ ಹೇಳಿ ಭಾಯ್ಸಾಬ್, ನಿಮ್ಮ ಬಾಯಲ್ಲಿ ಚಂದ ಉಂಟು” ಎಂದು ನಮ್ಮವರಿಗೆ ಅವನೇ ಹೇಳಿದ್ದು. ನಮ್ಮವರದು ನಿಜಕ್ಕೂ ಗಂಟೆಯಂಥ ಧ್ವನಿ. ಒಂದು ಭಾಷಣ ಎರಡಾಯಿತು, ಹತ್ತಾಯಿತು, ಶಾರ್ಜಾದಿಂದಲೂ ಕರೆ ಬಂತು. ಝಿಯಾ ಕೊನೆಯ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದ, ಪಾಠ ಒಪ್ಪಿಸುವ ಮಗುವಿನ ತಾಯಿಯ ಹಾಗೆ.

“ಇಲ್ಲಿ ‘ನಮ್ಮ ಭಟ್ಕಳದಲ್ಲಿ’ ಅಂತ ಇದೆ. ಮಂಡ್ಯದೋನು ನಾನು ಹೀಗಂದ್ರೆ ನಗ್ತಾರೆ ಕಣೆ. ‘ನಮ್ಮ ಕರಾವಳಿಯಲ್ಲಿ’ ಅಂತ ಮಾಡು” ಎಂದರು ನಮ್ಮವರು ಒಂದು ದಿನ. ಭಟ್ಕಳವನ್ನು ಹೊಡೆದುಹಾಕಿ ಹಾಗೇ ಬರೆದೆ. ಆಮೇಲೆ ಅವರು ಹೇಳುವುದೇ ಬೇಡವಾಯಿತು, ಕಂಡಲ್ಲೆಲ್ಲ ನಾನೇ ಹೊಡೆಯುತ್ತ ಬಂದೆ. “ಒಂದು ದಿನ ನಿನ್ನ ಹೆಸರು ಹೇಳ್ತೀನಿ ಬಿಡಯ್ಯ” ಎಂದು ಅವರು ಝಿಯಾನಿಗೆ ಹೇಳುತ್ತಲೇ ಇದ್ದರು.

ತೊಂಬತ್ತೊಂದರಲ್ಲಿ ಏಜೆನ್ಸಿಯ ಕೆಲಸವೆಲ್ಲ ಜೆಬೆಲ್ ಅಲಿಯ ದೊಡ್ಡ ಬಂದರಿಗೆ ಹೋಯಿತು. ಅಲ್ಲಿ ಸೀಲು ಮಾಡಿದ ಕಂಟೇನರುಗಳು, ಎಣಿಸಲು ಮೂಟೆಯೇ ಇಲ್ಲ. ಝಿಯಾನ ವೀಸಾ ಕ್ಯಾನ್ಸಲ್ ಆಯಿತು. ಊರಿಗೆ ಹೋದ ಮೂರನೇ ತಿಂಗಳಿಗೆ ಅವನ ಕಾಗದ ಬಂತು. ಇಲ್ಲಿ ಮನೆ ಬಾಗಿಲಿಗೆ ಟಪಾಲು ಬರುವುದಿಲ್ಲ, ಆಫೀಸಿನ ಪೋಸ್ಟ್ ಬಾಕ್ಸಿಗೇ ಬರಬೇಕು. ನಮ್ಮವರು ಒಡೆದು ಓದಿಯೇ ತಂದುಕೊಟ್ಟರು. ‘ಬಾಭಿ, ನಾನು ಹೇಳುವುದನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ನೋಟ್‌ಬುಕ್ಕಿನ ಜೆರಾಕ್ಸ್ ಕಳಿಸಿ. ನಾನು ಅಲ್ಲಿ ಬರೀ ಮೂಟೆ ಎಣಿಸುತ್ತಿರಲಿಲ್ಲ ಎಂದು ಸಿದ್ದೀಖಾಗೂ ಮಕ್ಕಳಿಗೂ ಗೊತ್ತಾಗಲಿ.’ ಸಿದ್ದೀಖಾ ಅವನ ಹೆಂಡತಿ. ನಾನು ಆ ವಾರವೇ ಉತ್ತರ ಬರೆದೆ.

“ಮುಂದಿನ ಭಾಷಣ ಒಂದು ಮುಗೀಲಿ, ಆಮೇಲೆ ಕಳಿಸೋಣ. ಎಲ್ಲಿಗೆ ಓಡಿ ಹೋಗ್ತದೆ?” ಎಂದರು ನಮ್ಮವರು. ಆ ಭಾಷಣ ಮುಗಿಯಿತು, ಇನ್ನೊಂದು ಬಂತು. ಉತ್ತರ ಏಳನೇ ನೋಟ್‌ಬುಕ್ಕಿನೊಳಗೆ ಉಳಿಯಿತು. ಹದಿನೈದು ವರ್ಷದ ಮೇಲೆ ಯಾರೋ ಝಿಯಾ ಹೋಗಿಬಿಟ್ಟನಂತೆ ಎಂದರು. ನಮ್ಮವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಭಾಷಣ ಮಾಡುವುದನ್ನೇ ಬಿಟ್ಟರು. ಕಾಗದದ ಮಾತು ಇಬ್ಬರೂ ಎತ್ತಲಿಲ್ಲ.

ಉಪನ್ಯಾಸದ ದಿನ ಪ್ರಾರ್ಥನಾ ನನಗೆ ರೇಷ್ಮೆ ಸೀರೆ ಉಡಿಸಿದಳು. ಸಭಾಂಗಣದ ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಏಳು ನೋಟ್‌ಬುಕ್ಕುಗಳನ್ನೂ ಹರಡಿಟ್ಟಿದ್ದರು. ಪ್ರತಿಯೊಂದರ ಮೇಲೂ ನನ್ನ ಅಕ್ಷರ, ಅವರ ಹೆಸರು. ಶ್ರೀನಿಧಿ ಒಂದು ಹಾಳೆ ತಂದು ತೋರಿಸಿದ. ನೋಟ್‌ಬುಕ್ಕುಗಳನ್ನು ಕೇಂದ್ರಕ್ಕೆ ಒಪ್ಪಿಸುವ ಪತ್ರ. ಬರೆದವರು ಶ್ರೀಕಂಠಯ್ಯ, ವಾರಸುದಾರರು ಕಾಂತಮ್ಮ ಎಂದು ನನ್ನ ಹೆಸರು, ಕೆಳಗೆ ಸಹಿಗೆ ಜಾಗ.

“ಕೊನೇಲಿ ಸ್ಟೇಜ್ ಮೇಲೆ ಸೈನ್ ಮಾಡ್ಬಿಡಿ ಅಮ್ಮ. ಫೋಟೋ ಚೆನ್ನಾಗಿ ಬರತ್ತೆ. ನಿಮ್ಮ ಸೈನ್ ಇಲ್ದೆ ಸೆಂಟರ್‌ನವರು ಒಂದು ಹಾಳೇನೂ ಮುಟ್ಟಲ್ಲ, ಅಷ್ಟು ಸ್ಟ್ರಿಕ್ಟು.”

ಅವನು ಚೆನ್ನಾಗಿ ಮಾತಾಡಿದ. ಖಾಡಿಯ ಹಳೆಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ಮೂರನೇ ನೋಟ್‌ಬುಕ್ಕಿನಿಂದ ಓದಿದ. ಹೇಳಿದವನು ಸಾಲೆಹ್, ಊರು ರಾಸ್ ಅಲ್ ಖೈಮಾ. ದಡ ಕಾಣದ ರಾತ್ರಿಗಳಲ್ಲಿ ಅವನ ಲಾಂಚಿನ ನಾಖುದಾ, ಅಂದರೆ ಕಪ್ತಾನ, ಸೀಸದ ಗುಂಡಿಗೆ ಕೊಬ್ಬು ಮೆತ್ತಿ ಹಗ್ಗದಲ್ಲಿ ತಳಕ್ಕೆ ಬಿಡಿಸುತ್ತಿದ್ದ. ಮೇಲೆ ಬಂದಾಗ ಅಂಟಿದ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ, ಎಲ್ಲಿದ್ದೇವೆ ಎಂದು ಹೇಳಿಬಿಡುತ್ತಿದ್ದ. ‘ಉಪ್ಪು ಕಮ್ಮಿ ಇದ್ದರೆ ಹೆಂಡತಿಯನ್ನು ಬೈಯುತ್ತಿದ್ದನೋ ಸಮುದ್ರವನ್ನೋ ಎಂದು ಕೇಳಿದೆ’ ಎಂದು ಕಥೆ ಮುಗಿಯುತ್ತದೆ. ಜನ ನಕ್ಕರು. ಅದು ಝಿಯಾನ ಕುಚೇಷ್ಟೆ. ನಮ್ಮವರಿಗೆ ತಮಾಷೆ ಮಾಡಲು ಬರುತ್ತಲೇ ಇರಲಿಲ್ಲ, ಭಾಷಣದಲ್ಲಿ ಆ ಸಾಲನ್ನು ಬಿಟ್ಟೇ ಓದುತ್ತಿದ್ದರು. ಪಕ್ಕದಲ್ಲಿ ಪ್ರಾರ್ಥನಾ ನನ್ನ ಕೈ ಹಿಡಿದು “ಅಪ್ಪ ಎಷ್ಟು ಜೋಕ್ ಮಾಡ್ತಿದ್ರಲ್ಲ” ಎಂದು ಪಿಸುಗುಟ್ಟಿದಳು.

ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಸಾಲಿನಿಂದ ತಲೆಗೆ ಸ್ಕಾರ್ಫ್ ಸುತ್ತಿದ ಹುಡುಗಿಯೊಬ್ಬಳು ಮೈಕ್ ತೆಗೆದುಕೊಂಡಳು.

“ಹಲೋ, ನಾನು ಮರ್ವಾ, ಭಟ್ಕಳದವಳು. ದುಬೈ ಡಿಸ್ಕವರಿ ಗಾರ್ಡನ್ಸಿಂದ ಬಸ್ಸಲ್ಲಿ ಬಂದೆ. ಇದು ಕ್ವೆಶ್ಚನ್ ಅಲ್ಲ. ಈ ಮಣ್ಣು ತಿನ್ನುವ ನಾಖುದಾನ ಕಥೆ ನನ್ನ ಅಜ್ಜನೂ ಹೇಳ್ತಿದ್ರಂತೆ. ಸೇಮ್ ಟು ಸೇಮ್, ಆ ಉಪ್ಪಿನ ಜೋಕು ಕೂಡ! ಮನೇಲಿ ಎಲ್ಲ ‘ಬಂಡಲ್ ಅಜ್ಜ’ ಅಂತ ತಮಾಷೆ ಮಾಡ್ತಿದ್ದದ್ದು. ಝಿಯಾಉದ್ದೀನ್ ಅಂತ, ದೇರಾದಲ್ಲಿ ಮೂಟೆ ಎಣಿಸ್ತಿದ್ರು. ಬಹುಶಃ ಈ ಸರ್ ಭಾಷಣ ಕೇಳ್ಕೊಂಡು ಬಂದು ಹೇಳಿದ್ದಾಗಿರ್ಬೇಕು. ಎನಿವೇ, ಸುಳ್ಳಲ್ಲ ಅಂತ ಇವತ್ತು ಗೊತ್ತಾಯ್ತು. ಥ್ಯಾಂಕ್ಸ್.”

“ನೋಡಿ!” ಎಂದ ಶ್ರೀನಿಧಿ. “ಶ್ರೀಕಂಠಯ್ಯನವರ ಮಾತು ಎಷ್ಟು ದೂರ ಮುಟ್ಟಿತ್ತು ನೋಡಿ. ಮೂಟೆ ಎಣಿಸೋರ ಮನೇವರೆಗೂ!”

ದೊಡ್ಡ ಚಪ್ಪಾಳೆ ಬಿತ್ತು. ಆ ಹುಡುಗಿಯೂ ಚಪ್ಪಾಳೆ ತಟ್ಟುತ್ತಿದ್ದಳು.

ನನ್ನನ್ನು ಮೇಲೆ ಕರೆದರು. ಶಾಲು ಹೊದಿಸಿದರು. ಕೇಂದ್ರದ ಅಧಿಕಾರಿ, ಕಪ್ಪು ಅಬಾಯಾದ ಅರಬ್ ಹೆಂಗಸು, ನನ್ನ ಎರಡೂ ಕೈ ಹಿಡಿದುಕೊಂಡಳು. “ಎರಡು ಮಾತು ಹೇಳಿ ಅಮ್ಮ” ಎಂದು ಶ್ರೀನಿಧಿ ಮೈಕನ್ನು ಬಾಯಿಗೆ ಹಿಡಿದ. ಝಿಯಾ ಎಂದು ಶುರುಮಾಡಿದರೆ ಸಾಕಿತ್ತು, ಉಳಿದದ್ದು ತಾನೇ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಪ್ರಾರ್ಥನಾ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು.

“ಎಲ್ಲರಿಗೂ ನಮಸ್ಕಾರ” ಎಂದೆ. ಅಷ್ಟೇ.

ಸಹಿಗೆ ಪೆನ್ನು ಕೊಟ್ಟಾಗ ಕನ್ನಡಕ ಮರೆತು ಬಂದಿದ್ದೇನೆ ಎಂದು ಸುಳ್ಳು ಹೇಳಿದೆ. ಮನೆಯಲ್ಲಿ ಹಾಕಿ ಕಳಿಸುತ್ತೇನೆಂದು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಕನ್ನಡಕ ಅದೇ ಬ್ಯಾಗಿನಲ್ಲಿತ್ತು.

ಹೊರಗೆ ಖರ್ಜೂರ, ಕಾಫಿ ಕೊಡುತ್ತಿದ್ದರು. ಮರ್ವಾ ಬಸ್ಸಿಗೆ ಹೊರಟಿದ್ದಳು. ಹಿಂದೆ ಹೋಗಿ ಕೈ ಹಿಡಿದೆ.

“ಸಿದ್ದೀಖಾ ಹೇಗಿದ್ದಾರಮ್ಮ?”

“ಅಜ್ಜಿ ನಿಮ್ಗೆ ಗೊತ್ತಾ ಆಂಟಿ?” ಅವಳ ಕಣ್ಣು ಅರಳಿತು. “ಊರಲ್ಲೇ ಇದ್ದಾರೆ. ಕಣ್ಣು ಕಾಣೋದಿಲ್ಲ ಈಗ. ಓದಿ ಹೇಳಿದ್ರೆ ಕೇಳ್ತಾರೆ. ಅಜ್ಜನ ಸುದ್ದಿ ತೆಗೆದ್ರೆ ಮಾತ್ರ ಬೈತಾರೆ. ಹದಿನಾಲ್ಕು ವರ್ಷ ಅಲ್ಲಿ ಕೂತು ಕಥೆ ಕಟ್ಟಿದ್ದು ಬಿಟ್ರೆ ಏನು ಮಾಡಿದ್ರು ಅಂತ.”

“ಅವರ ಅಡ್ರೆಸ್ ಬೇಕು. ಕಾಗದ ಬರೀಬೇಕು.”

“ಕಾಗದ ಯಾಕೆ ಆಂಟಿ? ವಾಟ್ಸಾಪ್ ಮಾಡಿ, ನಾನೇ ಫೋನಲ್ಲಿ ಓದಿ ಹೇಳ್ತೇನೆ.”

“ಇದು ಕಾಗದದಲ್ಲೇ ಹೋಗಬೇಕಾದ್ದು.”

ಅವಳು ನಗುತ್ತ ನನ್ನ ಪುಸ್ತಕದಲ್ಲಿ ವಿಳಾಸ ಬರೆದುಕೊಟ್ಟಳು. ಆ ಮುಖಕ್ಕೆ ಅಲ್ಲೇ ಹೇಳುವ ಧೈರ್ಯ ಬರಲಿಲ್ಲ.

ಮರುದಿನ ಭಾನುವಾರ, ಪ್ರಾರ್ಥನಾಗೆ ರಜೆ. ತಿಂಡಿಯ ತಟ್ಟೆ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಉಪ್ಪಿಟ್ಟು ಆರಿತು.

“ಅಂದ್ರೆ ಅಪ್ಪ ಕಳ್ಳ ಅಂತೀಯ.”

“ನಾನು ಹಾಗಂದೆನಾ?”

“ಮತ್ತಿನ್ನೇನು? ಹ್ಯಾಂಡ್‌ರೈಟಿಂಗ್ ನಿಂದು, ಭಾಷಣ ಅಪ್ಪಂದು. ಆ ಮನುಷ್ಯ ಊಟಕ್ಕೆ ಬಂದು ಹೇಳ್ದ, ಅಷ್ಟೇ. ಅವನಿಗೂ ಯಾರೋ ಹಡಗಿನವ್ರು ಹೇಳಿದ್ದು. ಹಾಗಾದ್ರೆ ಅದು ಅವನದೂ ಅಲ್ಲ.”

“ಆ ಹಡಗಿನೋರ ಹೆಸರೆಲ್ಲ ಅದರಲ್ಲಿದೆ ಮಗಾ. ಒಬ್ಬರನ್ನೂ ಬಿಡದೆ ಬರೆಸಿದ್ದಾನೆ ಅವನು. ಇಲ್ಲದ್ದು ಅವನ ಹೆಸರೊಂದೇ.”

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಕೆಳಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ, ಆ ಬಿಸಿಲಿಗೆ ಯಾರಿರುತ್ತಾರೆ.

“ಅಪ್ಪ ಹೋಗಿ ಮೂರು ವರ್ಷ ಆಯ್ತು. ಆಗ್ಲೇ ಕಳಿಸ್ಬಹುದಿತ್ತಲ್ಲ? ನಿನ್ನನ್ನ ಯಾರು ತಡೆದಿದ್ರು? ನಿನ್ನೆ ಶಾಲು ಹೊದಿಸ್ಕೊಂಡು ನಿಂತಿದ್ದು ಯಾರು?”

ಅವರಿರುವವರೆಗೆ ತಪ್ಪನ್ನು ಅವರ ಮೇಲೆ ಹಾಕಬಹುದಾಗಿತ್ತು. ಈ ಮೂರು ವರ್ಷ ನನ್ನವೇ.

“ಕಳಿಸು” ಎಂದಳು, ತಿರುಗದೆ. “ಆದ್ರೆ ಅಪ್ಪನ್ನ ನನ್ ಹತ್ರ ಮತ್ತೆ ಎತ್ತಬೇಡ.” ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾಯಂಕಾಲ ನೋಡಿದರೆ ತನ್ನ ಫೋನಿನಲ್ಲಿದ್ದ ನಿನ್ನೆಯ ವಿಡಿಯೋವನ್ನು ನೋಡುತ್ತ ಕೂತಿದ್ದಳು. ನನ್ನನ್ನು ಕಂಡು ಪರದೆಯನ್ನು ಮಗುಚಿಟ್ಟಳು. ಅಂದಿನಿಂದ ಊಟ ಆಯ್ತಾ, ಔಷಧಿ ತಗೊಂಡ್ಯಾ, ಇಷ್ಟೇ ನಮ್ಮ ಮಾತು.

ಶ್ರೀನಿಧಿಗೆ ಫೋನ್ ಮಾಡಿ ನಾನು ಸಹಿ ಹಾಕುವುದಿಲ್ಲ, ಹಾಕಬೇಕಾದವರು ಭಟ್ಕಳದಲ್ಲಿದ್ದಾರೆ ಎಂದೆ. ಕಾರಣವನ್ನೂ ಹೇಳಿದೆ.

“ಅಮ್ಮ, ಪ್ರೋಗ್ರಾಂ ಆಗೋಗಿದೆ. ಎಲ್ಲಾ ಕಡೆ ಪೋಸ್ಟ್ ಹಾಕಿದೀವಿ. ಈಗ ಹೋಗಿ ತಪ್ಪಾಯ್ತು ಅಂದ್ರೆ ಸೆಂಟರ್‌ನವರು ನಮ್ಮ ಸೀರೀಸ್ನೇ ಖಲಾಸ್ ಮಾಡ್ತಾರೆ. ಒಂದ್ ಹೆಸರಿಗೋಸ್ಕರ…” ಮಾತು ನಿಲ್ಲಿಸಿದ. ಕೊನೆಗೆ, “ಆ ಅಮ್ಮ ಒಪ್ಪದೇ ಹೋದ್ರೆ?” ಎಂದ.

“ಒಪ್ಪದೇ ಇರೋದು ಅವರಿಗೆ ಬಿಟ್ಟಿದ್ದು. ನೋಟ್‌ಬುಕ್ಕನ್ನ ಅವರಿಗೆ ಕೊಟ್ಟುಬಿಡಿ.”

ಹಳೆಯ ಉತ್ತರವನ್ನು ನೋಟ್‌ಬುಕ್ಕು ಶ್ರೀನಿಧಿಗೆ ಹೋಗುವ ಮೊದಲೇ ತೆಗೆದಿಟ್ಟುಕೊಂಡಿದ್ದೆ. ನೀಲಿ ಹಾಳೆ, ಮಡಿಕೆಯಲ್ಲಿ ಹರಿದಿತ್ತು. ‘ಪ್ರಿಯ ಝಿಯಾ, ಜೆರಾಕ್ಸ್ ಮುಂದಿನ ವಾರ ಕಳಿಸುತ್ತೇನೆ, ಸಿದ್ದೀಖಾಗೆ ಕೊಡು’ ಎಂದಿತ್ತು. ಅದರ ಕೆಳಗೆ ಉಳಿದ ಜಾಗದಲ್ಲಿ ಈಗಿನ ತಾರೀಕು ಹಾಕಿ ಬರೆದೆ. ಕಣ್ಣು ಕಾಣದವರಿಗೆ ಯಾರೋ ಓದಿ ಹೇಳಬೇಕಾದ್ದರಿಂದ ಸುತ್ತು ಬಳಸಲಿಲ್ಲ.

‘ಸಿದ್ದೀಖಾ ಅವರೇ, ಮೇಲಿನ ಕಾಗದ ನಿಮ್ಮ ಯಜಮಾನರಿಗೆ ಬರೆದದ್ದು, ಕಳಿಸಲಿಲ್ಲ. ಅವರು ಕಟ್ಟುಕಥೆ ಹೇಳಿದವರಲ್ಲ. ಏಳು ನೋಟ್‌ಬುಕ್ಕಿನ ತುಂಬ ಇರುವುದು ಅವರು ಬಿಸಿಲಲ್ಲಿ ನಿಂತು ಕೇಳಿ ತಂದ ಮಾತು. ನನ್ನ ಯಜಮಾನರು ಅದನ್ನು ಹೇಳಿ ಹೆಸರು ಪಡೆದರು. ಭಟ್ಕಳ ಎಂದಿದ್ದ ಕಡೆಯೆಲ್ಲ ಹೊಡೆದವಳು ನಾನು. ಅದನ್ನು ತಿದ್ದುವ ಹಕ್ಕು ನನಗಿಲ್ಲ, ನೋಟ್‌ಬುಕ್ಕುಗಳು ಈಗಿರುವ ಇಲ್ಲಿನ ಕೇಂದ್ರದವರು ನೀವು ಹೇಳಿದ ಹಾಗೆ ಮಾಡುತ್ತಾರೆ. ಅವುಗಳನ್ನು ಅವರಿಗೆ ಒಪ್ಪಿಸುವ ಪತ್ರ ಇದರೊಳಗಿದೆ, ಅದಕ್ಕೆ ಸಹಿ ಹಾಕಬೇಕಾದವರು ನೀವು. ಹಾಕದಿದ್ದರೂ ಸರಿ. ಮರ್ವಾ ಒಳ್ಳೆಯ ಹುಡುಗಿ, ಅವಳಿಗೆ ಇದನ್ನು ನಾನು ಎದುರಿಗೆ ಹೇಳಲಿಲ್ಲ. ಕ್ಷಮೆ ಕೇಳುವಷ್ಟು ಮುಖ ನನಗಿಲ್ಲ. ಕಾಂತಮ್ಮ.’

ಒಪ್ಪಿಸುವ ಪತ್ರದಲ್ಲಿ ಅಚ್ಚಾಗಿದ್ದ ಎರಡು ಹೆಸರುಗಳನ್ನು ಹೊಡೆದುಹಾಕಿದೆ, ಒಂದು ಅವರದು, ಒಂದು ನನ್ನದು. ಅವರ ಹೆಸರಿನ ಮೇಲೆ ಎಳೆದ ಗೆರೆ ಓರೆಯಾಯಿತು. ಎರಡನೇ ಸಲ ಎಳೆಯಲಿಲ್ಲ.

ಅಂಚೆ ಕಚೇರಿಗೆ ಒಬ್ಬಳೇ ನಡೆದೆ. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿತ್ತು. ಬಸ್ ಸ್ಟಾಪಿನ ಎಸಿ ಕೋಣೆಯಲ್ಲಿ ಸ್ವಲ್ಪ ಕೂತು, ಎದ್ದು, ಮತ್ತೆ ನಡೆದೆ. ಒಳಗೆ ಟೋಕನ್ ತೆಗೆದುಕೊಂಡು ಕಾದೆ. ಮುಂದೆ ಹತ್ತೊಂಬತ್ತು ಜನ. ಪ್ರಾರ್ಥನಾ ಫೋನ್ ಮಾಡುತ್ತಾಳೇನೋ ಎಂದು ಎರಡು ಸಲ ತೆಗೆದು ನೋಡಿದೆ. ಮಾಡಿರಲಿಲ್ಲ. ನನ್ನ ನಂಬರು ಬಂದಾಗ ಕೌಂಟರಿನ ಹುಡುಗಿ ವಿಳಾಸ ಓದಲು ತಡಕಾಡಿದಳು, ನಾನು ಬರೆದದ್ದು ಕನ್ನಡದಲ್ಲಿ. ಅವಳೇ ಇನ್ನೊಂದು ಚೀಟಿ ಕೊಟ್ಟಳು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಜೋಡಿಸಿ ಸಿದ್ದೀಖಾ, ಭಟ್ಕಳ ಎಂದು ಬರೆದೆ. ಹಿಂದಿನವನು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟ.

“ರಿಜಿಸ್ಟರ್ಡ್?” ಎಂದಳು ಹುಡುಗಿ.

“ಹೌದಮ್ಮ.”

ಅವಳು ತೂಗಿ, ಚೀಟಿ ಅಂಟಿಸಿ, ಎರಡು ಮುದ್ರೆ ಒತ್ತಿ, ನೋಡದೆ ಹಿಂದಿನ ಬುಟ್ಟಿಗೆ ಹಾಕಿದಳು. ಕಾಗದ ಹೋಯಿತು.